ಬಿರುಗಾಳಿಯನ್ನು ಹೆಸರು ಹಿಡಿದು ಕರೆದವಳು



ಈ ಭಾಷಣವನ್ನು ಓದುವ ಮೊದಲು ಒಂದು ಅಟ್ಲಾಸನ್ನು ಪಕ್ಕದಲ್ಲಿಟ್ಟುಕೊಳ್ಳಿ. ಪರದೆಯ ಮೇಲೆ ತೋರಿಸುವ ನಕಾಶೆಗಳು ಈ ಪುಟಗಳಲ್ಲಿಲ್ಲ. ಎರಡು ಜಾಗಗಳನ್ನು ಗುರುತು ಮಾಡಿಕೊಂಡರೆ ಸದ್ಯಕ್ಕೆ ಸಾಕು. ಒಂದು, ದಕ್ಷಿಣ ಅಮೆರಿಕದ ಉತ್ತರದ ಅಂಚಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿರುವ ಗಯಾನ. ಇನ್ನೊಂದು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಸೆಕ್ಸ್ ಪ್ರಾಂತ. ಇವೆರಡರ ನಡುವೆ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ಅಂತರವಿದೆ. ಆ ಅಂತರವನ್ನು ಒಂದೇ ರಾತ್ರಿಯಲ್ಲಿ ದಾಟುವ ಕವಿತೆಯೊಂದರ ಬಗ್ಗೆ ನಾವು ಇಂದು ಮಾತನಾಡೋಣ.

ಕವಿತೆಯ ಹೆಸರು ‘ಹರಿಕೇನ್ ಹಿಟ್ಸ್ ಇಂಗ್ಲೆಂಡ್’. ಬರೆದವರು ಗ್ರೇಸ್ ನಿಕೋಲ್ಸ್. ಇವರು 1950ರಲ್ಲಿ ಗಯಾನದ ರಾಜಧಾನಿ ಜಾರ್ಜ್‌ಟೌನಿನಲ್ಲಿ ಹುಟ್ಟಿ, 1977ರಲ್ಲಿ ಬ್ರಿಟನ್ನಿಗೆ ಹೋಗಿ ನೆಲಸಿದವರು. ಅಟ್ಲಾಂಟಿಕ್ ದಾಟಿಸಿ ತಂದ ಗುಲಾಮ ಹೆಂಗಸರ ನೆನಪನ್ನು ಆಧರಿಸಿದ ಅವರ ಮೊದಲ ಕವನ ಸಂಕಲನ 1983ರಲ್ಲಿ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಪಡೆಯಿತು. ನಮ್ಮ ಇಂದಿನ ಕವಿತೆ ಇರುವುದು 1996ರ ‘ಸನ್‌ರಿಸ್’ ಸಂಕಲನದಲ್ಲಿ. ಇಂಗ್ಲೆಂಡಿನ ಶಾಲಾ ಮಕ್ಕಳು ಇದನ್ನು ಬಹುಕಾಲ ಪರೀಕ್ಷೆಗಾಗಿ ಓದಿದ್ದಾರೆ. ಕವಿತೆಯ ಸಾಲುಗಳನ್ನು ಇಲ್ಲಿ ಅಚ್ಚು ಮಾಡುತ್ತಿಲ್ಲ. ಮೂಲವನ್ನು ನೀವೇ ಹುಡುಕಿ ಓದಬೇಕು. ಓದಲು ಐದು ನಿಮಿಷ ಸಾಕು.

ನಾನು ಕಾಲೇಜಿನಲ್ಲಿ ಓದಿದ್ದು ವಿಜ್ಞಾನ. ಆದ್ದರಿಂದ ಗಾಳಿಯಿಂದಲೇ ಆರಂಭಿಸುತ್ತೇನೆ.

1987ರ ಅಕ್ಟೋಬರ್ 15ರ ರಾತ್ರಿ, 16ರ ಬೆಳಗಿನ ಜಾವ. ನಮ್ಮ ರೈತರ ಲೆಕ್ಕದಲ್ಲಿ ಅದು ಚಿತ್ತಾ ಮಳೆಯ ಕಾಲ. ಫ್ರಾನ್ಸ್ ಮತ್ತು ಸ್ಪೇನಿನ ನಡುವಣ ಬಿಸ್ಕೇ ಕೊಲ್ಲಿಯ ಕಡೆಯಲ್ಲಿ, ದಕ್ಷಿಣದ ಬೆಚ್ಚನೆಯ ತೇವದ ಗಾಳಿಯೂ ಉತ್ತರದ ತಣ್ಣನೆಯ ಗಾಳಿಯೂ ಸಂಧಿಸಿ ಒಂದು ವಾಯುಭಾರ ಕುಸಿತ ಉಂಟಾಯಿತು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸಾಮಾನ್ಯವಾಗಿ 1013 ಮಿಲಿಬಾರಿನ ಆಸುಪಾಸು ಇರುತ್ತದೆಂದು ನಿಮಗೆ ಗೊತ್ತು. ಅಂದು ಅದು ಸುಮಾರು 953ಕ್ಕೆ ಇಳಿಯಿತು. ಸಸೆಕ್ಸ್ ಕರಾವಳಿಯ ಶೋರ್‌ಹ್ಯಾಮಿನಲ್ಲಿ ಗಾಳಿಯ ಬೀಸು ಗಂಟೆಗೆ ಸುಮಾರು 185 ಕಿಲೋಮೀಟರ್ ಮುಟ್ಟಿತು. ಬ್ರಿಟನ್ನಿನಲ್ಲಿ 18 ಮಂದಿ ಸತ್ತರು. ಲಕ್ಷಾಂತರ ಮನೆಗಳು ಕತ್ತಲಾದವು. ಬಿದ್ದ ಮರಗಳ ಅಂದಾಜು ಒಂದೂವರೆ ಕೋಟಿ. ಇಷ್ಟು ಮರಗಳೇಕೆ? ಅಕ್ಟೋಬರ್ ಮಧ್ಯವಾದರೂ ಎಲೆ ಇನ್ನೂ ಉದುರಿರಲಿಲ್ಲ. ಎಲೆ ತುಂಬಿದ ಮರ ಹಾಯಿ ಕಟ್ಟಿದ ದೋಣಿಯಂತೆ ಗಾಳಿಯನ್ನು ಹಿಡಿಯುತ್ತದೆ. ಮೇಲಾಗಿ ಅದಕ್ಕೆ ಮುಂಚೆ ಮಳೆ ಸುರಿದು ನೆಲ ನೆನೆದು ಮೆತ್ತಗಾಗಿತ್ತು. ಸೆವೆನ್‌ಓಕ್ಸ್ ಎಂಬ ಊರಿದೆ, ಹೆಸರಿನ ಅರ್ಥ ‘ಏಳು ಓಕ್ ಮರಗಳು’. 1902ರಲ್ಲಿ ರಾಜನ ಪಟ್ಟಾಭಿಷೇಕದ ನೆನಪಿಗೆ ಅಲ್ಲಿ ನೆಟ್ಟಿದ್ದ ಏಳು ಓಕ್‌ಗಳಲ್ಲಿ ಆರು ಆ ಒಂದೇ ರಾತ್ರಿ ಉರುಳಿದವು.

ಇಲ್ಲಿ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಮಾತು. ಆ ದಿನ ಮಧ್ಯಾಹ್ನ ಬಿ.ಬಿ.ಸಿ. ಟೆಲಿವಿಷನ್ನಿನ ಹವಾಮಾನ ವಾರ್ತೆಯಲ್ಲಿ ಮೈಕೇಲ್ ಫಿಶ್ ಎಂಬವರು, ಹರಿಕೇನ್ ಬರುತ್ತಿದೆ ಎಂದು ಮಹಿಳೆಯೊಬ್ಬರು ದೂರವಾಣಿ ಮಾಡಿದ್ದರಂತೆ, ಅಂಥದೇನೂ ಇಲ್ಲ, ಚಿಂತಿಸಬೇಡಿ ಎಂಬರ್ಥದ ಮಾತು ಹೇಳಿದರು. ಗಾಳಿ ಜೋರಾಗಲಿದೆ ಎಂದೂ ಅದೇ ವಾರ್ತೆಯಲ್ಲಿ ಹೇಳಿದ್ದರು. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನೇರ ಪ್ರಸಾರದಲ್ಲಿ ಹೊರಟ ಮಾತು ಬಿಟ್ಟ ಬಾಣ. ಆ ಒಂದು ವಾಕ್ಯ ಅವರನ್ನು ಇಂದಿಗೂ ಬಿಟ್ಟಿಲ್ಲ. ಆದರೆ ನ್ಯಾಯವಾಗಿ ನೋಡಿದರೆ ಅವರು ಹೇಳಿದ್ದು ಸರಿಯೇ ಆಗಿತ್ತು. ಬಂದದ್ದು ಹರಿಕೇನ್ ಆಗಿರಲಿಲ್ಲ!

ಹರಿಕೇನ್ ಎಂದರೆ ಉಷ್ಣವಲಯದ ಬೆಚ್ಚನೆಯ ಕಡಲಿನ ಮೇಲೆ ಹುಟ್ಟುವ ಸುಳಿ. ಸಮುದ್ರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿಯಾಗಿರಬೇಕು. ಬಂಗಾಳ ಕೊಲ್ಲಿಯಲ್ಲಿ ಏಳುವ ನಮ್ಮ ಚಂಡಮಾರುತವೂ ಇದೇ ಜಾತಿಯದು. ಇಂಗ್ಲೆಂಡಿಗೆ ಬಂದದ್ದು ಬಿಸಿಗಾಳಿ ತಣ್ಗಾಳಿಗಳ ಅಂತರದಿಂದ ಬಲ ಪಡೆಯುವ ಬೇರೊಂದು ಬಗೆ. ಅದು ಅಷ್ಟು ಕ್ರೂರವಾಗಿದ್ದು ಹೇಗೆ ಎಂಬುದು ಬಹಳ ಕಾಲದ ಮೇಲೆ ತಿಳಿಯಿತು. 2004ರಲ್ಲಿ ಕೀತ್ ಬ್ರೌನಿಂಗ್ ಎಂಬ ಹವಾಮಾನ ವಿಜ್ಞಾನಿ ಈ ಬಿರುಗಾಳಿಯನ್ನು ಅಭ್ಯಸಿಸಿ ‘ಸ್ಟಿಂಗ್ ಜೆಟ್’ ಎಂಬುದನ್ನು ವಿವರಿಸಿದರು. ಉಪಗ್ರಹ ಚಿತ್ರದಲ್ಲಿ ಮೋಡ ಚೇಳಿನ ಬಾಲದಂತೆ ಸುರುಳಿಯಾಗಿರುತ್ತದೆ. ಆ ಬಾಲದ ತುದಿಯಿಂದ, ಮೇಲೆ ಹಲವು ಕಿಲೋಮೀಟರ್ ಎತ್ತರದಿಂದ, ಒಂದು ಕಿರಿದಾದ ಗಾಳಿಯ ಧಾರೆ ಕೆಳಗಿಳಿಯುತ್ತದೆ. ದಾರಿಯಲ್ಲಿ ಹಿಮ ಮತ್ತು ಮಳೆಹನಿ ಆವಿಯಾಗುವುದರಿಂದ ಅದು ಇನ್ನಷ್ಟು ತಣ್ಣಗಾಗಿ, ಭಾರವಾಗಿ, ವೇಗ ಪಡೆದು ನೆಲಕ್ಕೆ ಬಡಿಯುತ್ತದೆ. ಚೇಳಿನ ಕೊಂಡಿ ಇರುವುದೂ ಅಲ್ಲೇ ತಾನೆ.

ಇದನ್ನು ಕೇಳಿದ ವಿದ್ಯಾರ್ಥಿ ಮೊದಲು ಕೇಳುವ ಪ್ರಶ್ನೆ ಒಂದೇ: ಹಾಗಾದರೆ ಕವಿತೆಯ ಹೆಸರೇ ತಪ್ಪಲ್ಲವೆ? ವಿಜ್ಞಾನದವರು ಇಲ್ಲವೆಂದ ಹರಿಕೇನನ್ನು ಕವಯಿತ್ರಿ ಉಂಟೆಂದರಲ್ಲ?

ಒಳ್ಳೆಯ ಪ್ರಶ್ನೆ. ‘ಕವಿಗಳಿಗೆ ಸ್ವಾತಂತ್ರ್ಯವಿದೆ’ ಎಂದು ಹೇಳಿ ಇದನ್ನು ಹಾರಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಮತ್ತೆ ಅಟ್ಲಾಸ್ ನೋಡಿ. ಜಾರ್ಜ್‌ಟೌನ್ ಇರುವುದು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಏಳು ಡಿಗ್ರಿಗಿಂತ ಕಡಿಮೆ ದೂರದಲ್ಲಿ. ಭೂಮಿ ತಿರುಗುವುದರಿಂದ ಗಾಳಿಗೆ ಸುಳಿ ಕೊಡುವ ಕೊರಿಯೊಲಿಸ್ ಬಲ ಸಮಭಾಜಕ ವೃತ್ತದ ಹತ್ತಿರ ತೀರ ದುರ್ಬಲ. ಮತ್ತೆ, ಹುಟ್ಟಿದ ಸುಳಿಗಳು ಪಶ್ಚಿಮಕ್ಕೂ ಉತ್ತರಕ್ಕೂ ಸರಿಯುತ್ತವೆಯೇ ಹೊರತು ದಕ್ಷಿಣಕ್ಕೆ ಬರುವುದಿಲ್ಲ. ಹೀಗಾಗಿ ಗಯಾನವು ಹರಿಕೇನ್‌ಗಳ ದಾರಿಯಿಂದ ಹೊರಗಿದೆ. ಈ ಅಂಶವನ್ನು ಬಹಳ ವ್ಯಾಖ್ಯಾನಕಾರರು ಬಿಟ್ಟೇ ಬಿಡುತ್ತಾರೆ. ‘ತವರಿನಲ್ಲಿ ದಿನನಿತ್ಯ ಕಂಡ ಹರಿಕೇನ್ ಇಂಗ್ಲೆಂಡಿನಲ್ಲಿ ಕಂಡಾಗ ಕವಯಿತ್ರಿಗೆ ತವರು ನೆನಪಾಯಿತು’ ಎಂದು ಬರೆದುಬಿಟ್ಟರೆ ಅಂಕ ಬರಬಹುದು, ಭೂಗೋಳ ಒಪ್ಪುವುದಿಲ್ಲ. ಹರಿಕೇನ್ ಅವರ ಸ್ವಂತ ಅಂಗಳದ ಅನುಭವವಲ್ಲ. ಅದು ನೆರೆಹೊರೆಯ ದ್ವೀಪಗಳ ಸುದ್ದಿ, ಇಡೀ ಕೆರಿಬಿಯನ್ ಜನ ಹಂಚಿಕೊಂಡ ಪದ. ಆ ಪದವನ್ನು ಅವರು ಊರಿಂದ ತಂದಿದ್ದರು. ಸಸೆಕ್ಸಿನಲ್ಲಿ ಬಾಗಿಲು ಕಿಟಕಿ ನಡುಗಿದಾಗ ಅವರ ಕೈಗೆ ಸಿಕ್ಕಿದ್ದು ಆ ಪದ.

ಈಗ ಕವಿತೆಯ ಒಳಗೆ ಬರೋಣ. ಹೆಂಗಸೊಬ್ಬಳು ಅರ್ಧ ರಾತ್ರಿಯಷ್ಟು ಹೊತ್ತು ನಿದ್ದೆಯಿಲ್ಲದೆ ಮಲಗಿದ್ದಾಳೆ. ಹೊರಗೆ ಗಾಳಿ. ಈ ನೆಲಕ್ಕೆ ಅವಳು ಹತ್ತಿರವಾಗಲು ಇಂಥದೊಂದು ಗಾಳಿಯೇ ಬರಬೇಕಾಯಿತು ಎನ್ನುತ್ತದೆ ಆರಂಭ. ಗಮನಿಸಿ, ದೂರವಾಗಲು ಅಲ್ಲ, ಹತ್ತಿರವಾಗಲು. ಗಾಳಿಯನ್ನು ಒಂದು ಹಡಗಿಗೆ ಹೋಲಿಸಲಾಗಿದೆ. ಮುಂದೆ ಉರುಳಿದ ಮರಗಳ ಭಾರಕ್ಕೆ ತಿಮಿಂಗಿಲದ ಹೋಲಿಕೆ ಬರುತ್ತದೆ. ಮಲಗುವ ಕೋಣೆಯಲ್ಲಿ ಹಡಗು, ಕಾಡಿನಲ್ಲಿ ತಿಮಿಂಗಿಲ! ನೆಲದ ಮೇಲಿನ ವಸ್ತುಗಳಿಗೆಲ್ಲ ಕಡಲಿನ ಹೋಲಿಕೆ. ಈ ಕಡಲು ಅಟ್ಲಾಂಟಿಕ್. ಆಫ್ರಿಕದಿಂದ ಅಂದಾಜು ಒಂದೂಕಾಲು ಕೋಟಿ ಜನರನ್ನು ಗುಲಾಮರನ್ನಾಗಿ ಹಡಗುಗಳಲ್ಲಿ ತುಂಬಿ ದಾಟಿಸಿದ ಕಡಲು. ಬ್ರಿಟಿಷರು ತಮ್ಮ ವಸಾಹತುಗಳಲ್ಲಿ ಗುಲಾಮಗಿರಿಯನ್ನು 1834ರಲ್ಲಿ ರದ್ದುಪಡಿಸಿದ ಮೇಲೆ ಗಯಾನದ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾದರು. 1838ರಿಂದ 1917ರವರೆಗೆ ಭಾರತದಿಂದ ಕರಾರಿನ ಮೇಲೆ ಸುಮಾರು 2,38,000 ಜನರನ್ನು ಕರೆದೊಯ್ದರು. ಅವರಲ್ಲಿ ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮದರಾಸಿನಿಂದ ಹಡಗು ಹತ್ತಿದವರೂ ಇದ್ದರು. ದೀಪಾವಳಿ ಅಲ್ಲಿ ರಾಷ್ಟ್ರೀಯ ರಜಾದಿನ. ಗಯಾನ ನಮಗೆ ತೀರ ಅಪರಿಚಿತ ದೇಶವಲ್ಲ ಎಂದು ತಿಳಿಸಲು ಇಷ್ಟು ಹೇಳಿದೆ.

ಮುಂದೆ ಆ ಹೆಂಗಸು ಗಾಳಿಯನ್ನು ಹೆಸರು ಹಿಡಿದು ಕರೆಯುತ್ತಾಳೆ, ತನ್ನೊಂದಿಗೆ ಮಾತಾಡು ಎಂದು ಬೇಡುತ್ತಾಳೆ. ನಾಲ್ಕು ಹೆಸರುಗಳು. ಇಡೀ ಕವಿತೆಯ ಕೀಲಿ ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ಮೊದಲನೆಯದು ಹುರಾಕನ್. ಮಾಯಾ ಜನರ ಪುರಾಣದಲ್ಲಿ ಬರುವ ಬಿರುಗಾಳಿಯ ದೇವರು. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ತೈನೊ ಜನರ ಮಾತಿನಿಂದ ಈ ಪದ ಸ್ಪ್ಯಾನಿಷರ ಬಾಯಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಬಂದು ‘ಹರಿಕೇನ್’ ಆಯಿತು. ಅಂದರೆ ಹವಾಮಾನ ವಾರ್ತೆ ಓದುವ ಇಂಗ್ಲಿಷಿನವರು ಗೊತ್ತಿಲ್ಲದೆಯೇ ಒಂದು ಹಳೆಯ ದೇವರ ಹೆಸರನ್ನು ಉಚ್ಚರಿಸುತ್ತಾರೆ. ನಾವೂ ಹಾಗೆಯೇ. ‘ಚಂಡಮಾರುತ’ವನ್ನು ಬಿಡಿಸಿ ನೋಡಿ, ಒಳಗೆ ವೇದಕಾಲದ ಮರುತ್ತುಗಳು ಕುಳಿತಿದ್ದಾರೆ.

ಎರಡನೆಯವಳು ಓಯಾ, ಮೂರನೆಯವನು ಶಾಂಗೊ. ಇವರು ಈಗಿನ ನೈಜೀರಿಯದ ಯೊರುಬಾ ಜನರ ದೇವತೆಗಳು. ಓಯಾ ಗಾಳಿಗೆ ಒಡತಿ, ಶಾಂಗೊ ಸಿಡಿಲಿಗೆ ಒಡೆಯ, ಇಬ್ಬರೂ ದಂಪತಿಗಳು. ಗುಲಾಮರ ಮೈಮೇಲಿನ ಬಟ್ಟೆಯನ್ನೂ ಹೆಸರನ್ನೂ ಕಿತ್ತುಕೊಂಡ ಹಡಗಿನವರಿಗೆ ಈ ದೇವರುಗಳು ಮಾತ್ರ ಕೈಗೆ ಸಿಗಲಿಲ್ಲ. ಟ್ರಿನಿಡಾಡ್, ಕ್ಯೂಬ, ಬ್ರೆಜಿಲ್‌ಗಳಲ್ಲಿ ಇಂದಿಗೂ ಇವರಿಗೆ ಪೂಜೆ ನಡೆಯುತ್ತದೆ. ಒಮ್ಮೆ ವಲಸೆ ಬಂದ ದೇವರುಗಳು ಈಗ ಎರಡನೆಯ ಸಲ ಕಡಲು ದಾಟಿ ಸಸೆಕ್ಸಿಗೆ ಬಂದಿದ್ದಾರೆ.

ನಾಲ್ಕನೆಯ ಹೆಸರು ಹ್ಯಾಟಿ. ಇದು ದೇವತೆಯಲ್ಲ, 1961ರ ಅಕ್ಟೋಬರ್ 31ರಂದು ಆಗಿನ ಬ್ರಿಟಿಷ್ ಹೊಂಡುರಾಸ್, ಈಗಿನ ಬೆಲೀಜ್ ದೇಶವನ್ನು ಬಡಿದ ನಿಜವಾದ ಹರಿಕೇನ್. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬೆಲೀಜ್ ನಗರ ಎಷ್ಟು ಹಾಳಾಯಿತೆಂದರೆ ಕಡಲಿನ ಸಹವಾಸವೇ ಬೇಡವೆಂದು ಒಳನಾಡಿನಲ್ಲಿ ಬೆಲ್ಮೊಪಾನ್ ಎಂಬ ಹೊಸ ರಾಜಧಾನಿ ಕಟ್ಟಿ 1970ರಲ್ಲಿ ಅಲ್ಲಿಗೆ ಹೋದರು. ಆ ಕಾಲದಲ್ಲಿ ಹರಿಕೇನ್‌ಗಳಿಗೆ ಹೆಂಗಸರ ಹೆಸರನ್ನೇ ಇಡುತ್ತಿದ್ದರು. ಗಂಡಸರ ಹೆಸರು ಅಟ್ಲಾಂಟಿಕ್‌ಗೆ ಬಂದದ್ದು 1979ರಲ್ಲಿ. ಹ್ಯಾಟಿ ಬೀಸಿದಾಗ ನಮ್ಮ ಕವಯಿತ್ರಿಗೆ ಹನ್ನೊಂದು ವರ್ಷ. ಆದರೆ ಬೆಲೀಜಿನಿಂದ ಜಾರ್ಜ್‌ಟೌನಿಗೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ.

ಈ ದೂರವನ್ನು ಮನಸ್ಸಿನಲ್ಲಿಟ್ಟುಕೊಂಡು ಕವಿತೆಯ ಒಂದು ಪದವನ್ನು ನೋಡಿ. ಹ್ಯಾಟಿಯನ್ನು ಆ ಹೆಂಗಸು ಕರೆಯುವುದು ‘ಕಸಿನ್’ ಎಂದು. ತಾಯಿಯೆಂದಲ್ಲ, ಒಡಹುಟ್ಟಿದವಳೆಂದೂ ಅಲ್ಲ. ಬೇರೆ ಮನೆಯಲ್ಲಿ ಬೆಳೆದ ನೆಂಟಳು. ತನ್ನ ಊರಿಗೆ ಎಂದೂ ಬಾರದ, ಆದರೆ ಸುದ್ದಿ ಮಾತ್ರ ಬರುತ್ತಿದ್ದ ನೆಂಟಳು. ಎಷ್ಟು ಕರಾರುವಾಕ್ಕಾದ ಪದ! ಕನ್ನಡಕ್ಕೆ ತರಲು ಹೊರಟರೆ ಇಲ್ಲಿ ತಲೆಬಿಸಿ. ಅತ್ತೆಯ ಮಗಳೆ, ಮಾವನ ಮಗಳೆ, ಚಿಕ್ಕಪ್ಪನ ಮಗಳೆ? ಇಂಗ್ಲಿಷಿಗೆ ಒಂದೇ ಪದ ಸಾಲುತ್ತದೆ, ನಮಗೆ ಸಾಲದು. ನಾನಾದರೆ ‘ದೊಡ್ಡಮ್ಮನ ಮಗಳು’ ಎನ್ನುತ್ತೇನೆ, ಏಕೆಂದರೆ ಅವಳು ದರ್ಪದ ಹುಡುಗಿ. ಬಂದರೆ ಮನೆಯನ್ನೆಲ್ಲ ಗುಡಿಸಿ ಗುಂಡಾಂತರ ಮಾಡಿ ಹೋಗುವವಳು.

ಇನ್ನೂರು ಜನರನ್ನು ಕೊಂದ ಗಾಳಿಗೆ ನೆಂಟಸ್ತಿಕೆಯೆ ಎಂದು ನಿಮಗೆ ಅನ್ನಿಸಬಹುದು. ಅನ್ನಿಸಬೇಕು ಕೂಡ. ನಮ್ಮ ಹಳ್ಳಿಗಳಲ್ಲಿ ಸಿಡುಬನ್ನು ಏನೆಂದು ಕರೆಯುತ್ತಿದ್ದರು, ಮನೆಯ ಹಿರಿಯರನ್ನು ಕೇಳಿ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಮಾರಿಯನ್ನು ತಾಯಿ ಎಂದರು. ಭಯಪಡಿಸುವುದನ್ನು ಮನೆಯವಳನ್ನಾಗಿ ಮಾಡಿಕೊಂಡು ‘ನೀನು’ ಎಂದು ಕರೆದರೆ ಅದರೊಡನೆ ಮಾತಾಡಬಹುದು. ಕವಿತೆಯಲ್ಲೂ ಆ ಗಾಳಿ ಹೆದರಿಸುತ್ತದೆ, ಧೈರ್ಯವನ್ನೂ ಕೊಡುತ್ತದೆ.

ಕರೆಯುವ ಮೊದಲಿಗೂ ಕರೆದ ನಂತರಕ್ಕೂ ಇನ್ನೊಂದು ಬದಲಾವಣೆ ಆಗಿದೆ. ಆರಂಭದಲ್ಲಿ ಕವಿತೆ ಅವಳನ್ನು ‘ಅವಳು’ ಎನ್ನುತ್ತದೆ. ಹೆಸರು ಹಿಡಿದು ಕರೆಯತೊಡಗಿದ ಮೇಲೆ ‘ನಾನು’, ‘ನನ್ನ’ ಬರುತ್ತವೆ. ಕೊನೆಯವರೆಗೂ ‘ಅವಳು’ ಮತ್ತೆ ಬರುವುದಿಲ್ಲ. ಸಾಕ್ಷ್ಯಚಿತ್ರ ನೋಡುವಾಗ ನೀವು ಗಮನಿಸಿರಬಹುದು: ಹಿನ್ನೆಲೆಯ ದನಿ ಯಾರ ಬಗೆಗೋ ಹೇಳುತ್ತಿರುತ್ತದೆ, ಇದ್ದಕ್ಕಿದ್ದಂತೆ ಆ ವ್ಯಕ್ತಿ ಕ್ಯಾಮೆರಾ ಕಡೆಗೆ ತಿರುಗಿ ತಾನೇ ಮಾತಾಡುತ್ತಾನೆ. ಆಗ ಹಿನ್ನೆಲೆಯ ದನಿ ಸುಮ್ಮನಾಗಬೇಕು. ವಲಸೆ ಹೋದವರ ಬಗ್ಗೆ ಮಾತಾಡುವವರು ಎಂದೂ ಬೇರೆಯವರೇ. ಅರ್ಜಿ ನಮೂನೆಗಳು, ಅಂಕಿಅಂಶಗಳು, ಪತ್ರಿಕೆಗಳು. ಅವರೂ ಕ್ರಮೇಣ ತಮ್ಮನ್ನು ಹೊರಗಿನಿಂದಲೇ ನೋಡಿಕೊಳ್ಳಲು ಕಲಿಯುತ್ತಾರೆ. ಇವಳಿಗೆ ‘ನಾನು’ ಎನ್ನುವ ಬಾಯಿ ಬಂದದ್ದು ಗಾಳಿಯೊಂದಿಗೆ ಮಾತಾಡಿದಾಗ.

ಮಾತಾಡಿ ಕೇಳುವುದೇನು? ಪ್ರಶ್ನೆಗಳನ್ನು. ನೀನು ಇಲ್ಲಿಗೇಕೆ ಬಂದೆ, ಇದಕ್ಕೇನು ಅರ್ಥ ಎಂದು ಮತ್ತೆ ಮತ್ತೆ ಕೇಳುತ್ತಾಳೆ. ‘ಇದು ಕೆರಿಬಿಯನ್ನಿನಿಂದಲೇ ಬಂದ ಗಾಳಿ’ ಎಂದು ಘೋಷಿಸುವುದಿಲ್ಲ. ಬಿಸ್ಕೇ ಕೊಲ್ಲಿಯ ವಾಯುಭಾರದ ಲೆಕ್ಕಕ್ಕೂ ಇವಳ ಪ್ರಶ್ನೆಗೂ ಜಗಳವೇ ಇಲ್ಲ. ಗಾಳಿ ಎಲ್ಲಿಂದ ಬಂತು ಎಂಬುದಕ್ಕೆ ಹವಾಮಾನ ಇಲಾಖೆ ಉತ್ತರ ಕೊಟ್ಟಿದೆ. ಅದು ಬೀಸಿದಾಗ ನನ್ನ ಎದೆಯ ಬಿಗಿತ ಏಕೆ ಸಡಿಲಿತು ಎಂಬುದು ಇವಳು ಕೇಳುವ ಪ್ರಶ್ನೆ.

ಕವಿತೆಯ ಕೊನೆಯ ಭಾಗವನ್ನು ಓದುವಾಗ ದಯವಿಟ್ಟು ಆತುರಪಡಬೇಡಿ. ಇಲ್ಲೇ ‘ತವರಿನ ಹಂಬಲ’ ಎಂಬ ಸಿದ್ಧ ಉತ್ತರ ಮುರಿದುಬೀಳುತ್ತದೆ. ತನ್ನೊಳಗೆ ಹೆಪ್ಪುಗಟ್ಟಿದ್ದ ನೀರನ್ನು ಗಾಳಿ ಒಡೆಯುತ್ತಿದೆ ಎಂಬ ಚಿತ್ರ ಅಲ್ಲಿದೆ. ಗಯಾನದಲ್ಲಿ ಯಾವ ನೀರೂ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟುವುದು ಇಂಗ್ಲೆಂಡಿನ ಚಳಿಗಾಲದಲ್ಲಿ. ತನ್ನ ಮನಸ್ಸಿನ ಸ್ಥಿತಿಯನ್ನು ಹೇಳಲು ಈ ಹೆಂಗಸಿಗೆ ಸಿಗುವ ಹೋಲಿಕೆಯೇ ಇಂಗ್ಲೆಂಡಿನದು! ಕವಯಿತ್ರಿ ಅಲ್ಲಿ ನೆಲಸಿ ಆಗ ಹತ್ತು ವರ್ಷವಾಗಿತ್ತು ಎಂಬುದನ್ನು ನೆನೆಯಿರಿ. ಈ ನೆಲ ನನ್ನದಲ್ಲ ಎಂದುಕೊಂಡವಳ ಒಳಗೆ ಆ ನೆಲದ ಹವೆ ಆಗಲೇ ಬಂದು ಸೇರಿದೆ. ಅವಳಿಗೇ ಅದು ತಿಳಿದಿರಲಿಲ್ಲ. ಕವಿತೆಯಲ್ಲಿ ಹಿಂದಿರುಗುವ ಮಾತು ಎಲ್ಲೂ ಇಲ್ಲ, ಹುಡುಕಿ ನೋಡಿ.

ಅವಳ ಒಳಗಿನ ಮರಗಳೂ ಬುಡಸಹಿತ ಅಲುಗುತ್ತವೆ. ಅಲುಗುತ್ತವೆ ಎಂಬ ಪದಕ್ಕೆ ಅಡಿಗೆರೆ ಎಳೆಯಿರಿ. ಹೊರಗಿನ ಮರಗಳಿಗೆ ಬೇರು ಕಿತ್ತ ಗುಂಡಿಗಳಿವೆ. ಒಳಗಿನ ಮರಗಳು ಬಿದ್ದವೆಂದು ಕವಿತೆ ಹೇಳುವುದಿಲ್ಲ. ಬೀಳುವುದಕ್ಕೂ ಅಲುಗುವುದಕ್ಕೂ ಏನು ವ್ಯತ್ಯಾಸ? ಇದಕ್ಕೆ ಅದೇ ಬಿರುಗಾಳಿಯ ಒಂದು ನಿಜ ಸಂಗತಿಯಿದೆ. ಇದು ಕವಿತೆಯಲ್ಲಿಲ್ಲ, ಹೊರಗಿನಿಂದ ನಾನು ತರುತ್ತಿರುವುದು.

ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಅಂದು ರಾತ್ರಿ ಸುಮಾರು 700 ಮರಗಳು ಹಾಳಾದವು. ಅಲ್ಲಿ ‘ಟರ್ನರ್ಸ್ ಓಕ್’ ಎಂಬ ಹಳೆಯ ಮರ, 1798ರಲ್ಲಿ ನೆಟ್ಟದ್ದು. ಬಿರುಗಾಳಿಗೆ ಮುಂಚೆಯೇ ಅದು ಸೊರಗಿತ್ತು. ಗಾಳಿ ಅದನ್ನು ಬೇರಿನ ಗಡ್ಡೆಸಹಿತ ನೆಲದಿಂದ ಎತ್ತಿ, ಮತ್ತೆ ಅದೇ ಜಾಗದಲ್ಲಿ ಕೂರಿಸಿಬಿಟ್ಟಿತು. ಉದ್ಯಾನದವರಿಗೆ ಬೇರೆ ಮರಗಳನ್ನು ತೆರವು ಮಾಡುವುದರಲ್ಲೇ ವರ್ಷಗಳು ಹಿಡಿದವು. ಇದಕ್ಕೆ ಆಸರೆ ಕೊಟ್ಟು ಆಮೇಲೆ ನೋಡೋಣವೆಂದು ಬಿಟ್ಟರು. ಸುಮಾರು ಮೂರು ವರ್ಷದ ಮೇಲೆ ನೋಡಿದರೆ ಮರ ಹಿಂದೆಂದಿಗಿಂತ ಹುಲುಸಾಗಿ ಚಿಗುರಿತ್ತು. ಕಾರಣ ಆಮೇಲೆ ಹೊಳೆಯಿತು. ಅಷ್ಟೂ ವರ್ಷ ನೋಡಲು ಬಂದವರ ಕಾಲ್ತುಳಿತಕ್ಕೆ ಬುಡದ ಮಣ್ಣು ಗಟ್ಟಿಯಾಗಿ, ಬೇರುಗಳಿಗೆ ಗಾಳಿಯೂ ನೀರೂ ಸರಿಯಾಗಿ ಇಳಿಯುತ್ತಿರಲಿಲ್ಲ. ಬಿರುಗಾಳಿ ಆ ಮಣ್ಣನ್ನು ಸಡಿಲಿಸಿತ್ತು. ಅಂದಿನಿಂದ ಅಲ್ಲಿ ಸೊರಗಿದ ಮರಗಳ ಬುಡಕ್ಕೆ ಯಂತ್ರದಿಂದ ಗಾಳಿ ಹಾಯಿಸಿ ಮಣ್ಣು ಸಡಿಲಿಸುವ ಕ್ರಮ ಬಂದಿದೆ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಇನ್ನಷ್ಟು ಓದಬಹುದು. ನನಗೆ ಮಾತ್ರ ಆ ಹೆಂಗಸಿನ ಒಳಗಿನ ಮರಗಳ ಬಗ್ಗೆ ಓದುವಾಗಲೆಲ್ಲ ಈ ಓಕ್ ಕಣ್ಣ ಮುಂದೆ ಬರುತ್ತದೆ.

ಕಡೆಗೆ ಒಂದು ಕೆಲಸ. ಕವಿತೆಯ ಕೊನೆಯ ಸಾಲಿನಲ್ಲಿ ‘ಅರ್ಥ್’ ಎಂಬ ಇಂಗ್ಲಿಷ್ ಪದ ಮೂರು ಸಲ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಕೈಗೆ ಮೆತ್ತುವ ಮಣ್ಣೂ ಹೌದು, ಸೂರ್ಯನ ಸುತ್ತ ತಿರುಗುವ ಗ್ರಹವೂ ಹೌದು. ಮೂರು ಸಲವೂ ಅರ್ಥ ಒಂದೇ ಇರಬೇಕಾಗಿಲ್ಲ. ಇದನ್ನು ಕನ್ನಡಿಸಲು ‘ಭೂಮಿ’ ಎಂದರೆ ನಮ್ಮ ಕಿವಿಗೆ ಗ್ರಹವೂ ಕೇಳುತ್ತದೆ, ಪಹಣಿಯಲ್ಲಿ ಬರೆದ ಜಮೀನೂ ಕೇಳುತ್ತದೆ. ‘ಮಣ್ಣು’ ಎಂದರೆ ಬೇರಿಗೆ ಹತ್ತಿರ. ಆದರೆ ‘ಮಣ್ಣಿನ ಮಕ್ಕಳು’ ಎಂದು ಹೇಳಿ ಹೇಳಿ ಆ ಪದಕ್ಕೆ ನಾವು ಬೇಲಿ ಹಾಕಿದ್ದೇವೆ, ಹೊರಗಿನಿಂದ ಬಂದವಳು ಅದರೊಳಗೆ ಬರುವುದು ಕಷ್ಟ. ‘ನೆಲ’ ಎಂದರೆ ನಿಲ್ಲುವ ಜಾಗ, ಯಾರು ನಿಂತರೂ ನೆಲವೇ. ‘ನೆಲಸು’ ಎಂಬ ಕ್ರಿಯಾಪದವೂ ಕಿವಿಗೆ ಅದರ ಪಕ್ಕದಲ್ಲೇ ಇದೆ. ನನ್ನ ಮತ ‘ನೆಲ’ಕ್ಕೆ. ಮೂರೂ ಕಡೆ ಒಂದೇ ಪದ ಇಡುವಿರೋ, ಮೂರು ಬೇರೆ ಪದ ಇಡುವಿರೋ, ಕವಿತೆಯನ್ನು ಓದಿ ನಿಶ್ಚಯಿಸಿ. ಆ ಒಂದು ಸಾಲಿನ ಅನುವಾದವನ್ನೂ, ನಿಮ್ಮ ಪದವನ್ನು ಆರಿಸಿದ ಕಾರಣವನ್ನೂ ಒಂದು ಪತ್ರದಲ್ಲಿ ಬರೆದು ಕಾರ್ಯಕ್ರಮದ ವಿಳಾಸಕ್ಕೆ ಕಳುಹಿಸಿ.